ಮಗುವಿನ ಕೋಣೆಯ ಸ್ವಿಚ್ ಬೋರ್ಡಿಗೆ ಚಿತ್ತಾರದ ಪ್ಲೇಟು

ಮಾಡ್ಯುಲರ್ ಸ್ವಿಚ್ ಬೋರ್ಡಿನ ಮೇಲಿನ ಪ್ಲೇಟು ಒಳಚೌಕಟ್ಟಿಗೆ ಬರೀ ಕಚ್ಚಿಕೊಂಡಿರುವುದರಿಂದ, ಎಂಸಿಬಿಯನ್ನು (ಕೋಣೆಗೆ ಬರುವ ಕರೆಂಟನ್ನು ಕಡಿಯುವ ಸ್ವಿಚ್ಚನ್ನು) ಆಫ್ ಮಾಡಿ, ಕರೆಂಟಿಲ್ಲವೆಂದು ಟೆಸ್ಟರಿನಿಂದ ಖಚಿತಪಡಿಸಿಕೊಂಡ ಬಳಿಕ, ಅಂಚಿನ ಸೀಳಿಗೆ ಚಪ್ಪಟೆ ಸ್ಕ್ರೂಡ್ರೈವರ್ ಕೊಟ್ಟು ಮೆಲ್ಲನೆ ಮೀಟಿದರೆ ಅದು ಬಿಟ್ಟುಕೊಳ್ಳುತ್ತದೆ. ಮಗುವಿನ ಕೈಗೆಟುಕುವ ಸಾಕೆಟ್ಟಿನ ಪ್ಲೇಟನ್ನು ಮಾತ್ರ ಅಲಂಕರಿಸಬೇಡಿ. ಅಂದವಾದ ತೂತಿಗೆ ಬೆರಳು ಹೋಗದೆ ಇರದು.

ನುಣುಪಾದ ಪ್ಲಾಸ್ಟಿಕ್ಕಿಗೆ ಬಣ್ಣ ಹಿಡಿಯುವುದಿಲ್ಲವಾದ್ದರಿಂದ, 320 ನಂಬರಿನ ಉಪ್ಪುಕಾಗದದಿಂದ ಹೊಳಪು ಹೋಗುವಷ್ಟು ಉಜ್ಜಿ, ಒರೆಸಿ, ಪ್ಲಾಸ್ಟಿಕ್ ಪ್ರೈಮರ್ ಬಳಿದು, ಅಕ್ರಿಲಿಕ್ ಬಣ್ಣವನ್ನು ತೆಳುವಾಗಿ ಎರಡು ಸಲ ಹಚ್ಚಬೇಕು. ಸ್ವಿಚ್ಚಿನ ಕಿಂಡಿಯ ಒಳಅಂಚಿನಲ್ಲಿ ಬಣ್ಣ ದಪ್ಪವಾಗಿ ನಿಂತರೆ ಪ್ಲೇಟು ಮತ್ತೆ ಸರಿಯಾಗಿ ಕೂರುವುದಿಲ್ಲ, ಸ್ವಿಚ್ಚೂ ಸಿಕ್ಕಿಕೊಳ್ಳುತ್ತದೆ. ಹಸಿಯಿರುವಾಗಲೇ ಹತ್ತಿಯಿಂದ ಒರೆಸಿಬಿಡಿ. ಆನೆಯೋ ಚಂದಿರನೋ, ಮಗು ಕೇಳಿದ್ದನ್ನೇ ಬರೆಯಿರಿ, ಆದರೆ ಲೋಹದ ಹಾಳೆ, ಜರಿ ಬೇಡ. ನೀರು ಬೆರೆಯುವ ವಾರ್ನಿಶ್ ಸವರಿ, ಪೂರ್ತಿ ಒಣಗಿದ ಮೇಲೆಯೇ ಪ್ಲೇಟನ್ನು ಟಕ್ಕೆನ್ನುವಂತೆ ಒತ್ತಿ ಕೂರಿಸಿ, ಎಂಸಿಬಿ ಹಾಕಿರಿ.