ಎಕ್ಸ್-ರೇ ಪಟ್ಟಿ ಹಿಡಿದು ಬ್ರಹ್ಮಾಂಡದ ನಕ್ಷೆ: ಗಂಗಾವತಿಯಲ್ಲಿ ಕೂತು ನಾನು ಮಾಡಿದ್ದು

ಗಂಗಾವತಿಯಲ್ಲಿ ಡಿಗ್ರಿ ಹುಡುಗರಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಎಕ್ಸ್-ರೇ ಸರ್ವೆಯಿಂದ, ಅಂದರೆ ಆಕಾಶವನ್ನು ಎಕ್ಸ್-ರೇಯಲ್ಲಿ ನೋಡಿ ಮಾಡಿದ ಪಟ್ಟಿಯಿಂದ, ಬ್ರಹ್ಮಾಂಡದ ದೊಡ್ಡ ರಚನೆಗಳನ್ನು ಹುಡುಕೋಣ ಅಂದ ಕೂಡಲೇ ಅವರು ಕೇಳುವುದು, "ಸರ್, ಟೆಲಿಸ್ಕೋಪ್ ಎಲ್ಲಿದೆ?" ಅದು ಬೇಕಾಗಿಯೇ ಇಲ್ಲ. ಆಕಾಶದಿಂದ ಬರುವ ಎಕ್ಸ್-ರೇಯನ್ನು ಗಾಳಿ ಮೇಲೆಯೇ ಹೀರಿಬಿಡುತ್ತದೆ. ಉಪಗ್ರಹಗಳು ನೋಡಿದ್ದರ ಪಟ್ಟಿಗಳು ಉಚಿತವಾಗಿ ಸಿಗುತ್ತವೆ. ಒಂದು ಲ್ಯಾಪ್‌ಟಾಪ್, ಇಂಥ ಪಟ್ಟಿಗಳನ್ನು ತೆರೆದು ನೋಡುವ ಟಾಪ್‌ಕ್ಯಾಟ್ ಎಂಬ ಸಾಫ್ಟ್‌ವೇರ್, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇದ್ದರೆ ಸಾಕು.

ನಾನು ತೆಗೆದುಕೊಂಡದ್ದು 2011ರ ಎಂಸಿಎಕ್ಸ್‌ಸಿ, ಎಕ್ಸ್-ರೇಯಲ್ಲಿ ಸಿಕ್ಕ ಕ್ಲಸ್ಟರ್‌ಗಳನ್ನು ಒಟ್ಟು ಮಾಡಿದ ಪಟ್ಟಿ. ಅದರಲ್ಲಿ 1,743 ಗ್ಯಾಲಕ್ಸಿ ಕ್ಲಸ್ಟರ್‌ಗಳು, ಅಂದರೆ ಗುರುತ್ವದಿಂದ ಒಟ್ಟಿಗಿರುವ ಗ್ಯಾಲಕ್ಸಿಗಳ ಗುಂಪುಗಳು, ಇವೆ. ಕ್ಲಸ್ಟರ್ ಒಳಗಿನ ಅನಿಲ ಕೋಟಿಗಟ್ಟಲೆ ಡಿಗ್ರಿ ಕಾದಿರುತ್ತದೆ, ಅದಕ್ಕೇ ಎಕ್ಸ್-ರೇಯಲ್ಲಿ ಹೊಳೆಯುತ್ತದೆ. ಈ ಹೊಳಪು ಅನಿಲದ ಸಾಂದ್ರತೆಯ ವರ್ಗಕ್ಕೆ ತಕ್ಕಂತೆ ಏರುತ್ತದೆ: ಸಾಂದ್ರತೆ ಎರಡು ಪಟ್ಟಾದರೆ ಹೊಳಪು ನಾಲ್ಕು ಪಟ್ಟು. ಅನಿಲ ದಟ್ಟವಾಗಿರುವ ನಿಜವಾದ ಕ್ಲಸ್ಟರ್ ಮಾತ್ರ ಎದ್ದು ಕಾಣುತ್ತದೆ. ಹಾಗಾಗಿ ಒಂದರ ಹಿಂದೆ ಒಂದು ಸುಮ್ನೆ ಸಾಲಾಗಿ ನಿಂತ ಗ್ಯಾಲಕ್ಸಿಗಳು ಕ್ಲಸ್ಟರ್ ಥರ ಕಂಡು ಮೋಸ ಮಾಡುವುದು ಕಡಿಮೆ. ದೊಡ್ಡ ರಚನೆ ಹುಡುಕಲು ನನಗೆ ಇದೇ ದಾರಿ ಇಷ್ಟ.

ಮೊದಲು ಪಟ್ಟಿಯನ್ನು ಸೋಸಬೇಕು. 1990–91ರಲ್ಲಿ ರೋಸ್ಯಾಟ್ ಎಂಬ ಎಕ್ಸ್-ರೇ ಉಪಗ್ರಹ ಇಡೀ ಆಕಾಶ ನೋಡಿದಾಗ ಸಿಕ್ಕವು ಒಂದು ಬಗೆ; ಬೇರೆ ಏನನ್ನೋ ದಿಟ್ಟಿಸಿ ನೋಡುವಾಗ ಪಕ್ಕದಲ್ಲಿ ಸಿಕ್ಕವು ಇನ್ನೊಂದು ಬಗೆ. ಎರಡನೆಯದನ್ನು ಬಿಡಿ, ಇಲ್ಲದಿದ್ದರೆ ಜಾಸ್ತಿ ಹೊತ್ತು ನೋಡಿದ ಜಾಗವೇ ದಟ್ಟವಾಗಿ ಕಾಣುತ್ತದೆ. ಕ್ಷೀರಪಥದ ಪಟ್ಟೆಯ ಎರಡೂ ಬದಿ 20 ಡಿಗ್ರಿಯನ್ನೂ ಬಿಟ್ಟೆ. ಅಲ್ಲಿನ ಹೈಡ್ರೋಜನ್ ಅನಿಲ ಮೃದು, ಅಂದರೆ ಕಡಿಮೆ ಶಕ್ತಿಯ, ಎಕ್ಸ್-ರೇಯನ್ನು ತಡೆಯುತ್ತದೆ.

ಆಮೇಲೆ ರೆಡ್‌ಶಿಫ್ಟ್‌ನಿಂದ, ಅಂದರೆ ಬೆಳಕು ಕೆಂಪಿನ ಕಡೆ ಎಷ್ಟು ಜಾರಿದೆ ಎಂಬುದರಿಂದ, ಪ್ರತಿ ಕ್ಲಸ್ಟರ್ ಎಷ್ಟು ದೂರ ಅಂತ ಲೆಕ್ಕ ಹಾಕಬೇಕು. ಇದನ್ನು ಪೈಥಾನ್‌ನ ಖಗೋಳ ಲೆಕ್ಕದ ಪ್ಯಾಕೇಜ್ ಆಸ್ಟ್ರೋಪೈ ಮಾಡಿಕೊಡುತ್ತದೆ. ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ. ಸಂಜೆ ಆನೆಗೊಂದಿ ಕಡೆಯ ಗುಡ್ಡ ಹತ್ತಿ ನಿಂತರೆ ಹತ್ತಿರದ ಹಳ್ಳಿಯ ಒಂದೊಂದು ಬಲ್ಬೂ ಕಾಣುತ್ತದೆ, ದೂರದಲ್ಲಿ ದೊಡ್ಡ ಊರಿನ ಬೆಳಕು ಮಾತ್ರ, ಅಲ್ವಾ? ಸರ್ವೆಯೂ ಹಾಗೆಯೇ. ದೂರ ಹೋದಂತೆ ಪ್ರಖರ ಕ್ಲಸ್ಟರ್‌ಗಳಷ್ಟೇ ಉಳಿಯುತ್ತವೆ. ಆದ್ದರಿಂದ ಎರಡು ಕ್ಲಸ್ಟರ್‌ಗಳನ್ನು "ನೆಂಟರು" ಅಂತ ಜೋಡಿಸುವ ಅಳತೆ ಎಲ್ಲ ಕಡೆ ಒಂದೇ ಇರಬಾರದು. ಆಕಾಶವನ್ನು ದೂರಕ್ಕೆ ತಕ್ಕಂತೆ ಪದರ ಪದರವಾಗಿ ಕತ್ತರಿಸಿ, ಪ್ರತಿ ಪದರದಲ್ಲಿ ಕ್ಲಸ್ಟರ್‌ಗಳ ಸರಾಸರಿ ಅಂತರ ತೆಗೆದು, ಅದರ ಒಂದು ಪಾಲನ್ನೇ ಜೋಡಣೆಯ ಅಳತೆ ಮಾಡಿಕೊಂಡೆ.

ಪ್ರೋಗ್ರಾಂ ಓಡಿಸಿದಾಗ ಸುಮಾರು 65 ಕೋಟಿ ಜ್ಯೋತಿರ್ವರ್ಷ ದೂರದ ಶೇಪ್ಲೀ ಸೂಪರ್‌ಕ್ಲಸ್ಟರ್ (ಹಲವು ಕ್ಲಸ್ಟರ್‌ಗಳು ಸೇರಿದ ದೊಡ್ಡ ಗುಂಪು) ಎದ್ದು ಬಂತು, ಏಬೆಲ್ 3558 ಎಂಬ ಕ್ಲಸ್ಟರ್ ಅದರ ನಡುವೆಯೇ. ನಮ್ಮ ಊರಿನ ಒಂದು ಕೋಣೆಯಲ್ಲಿ ಕೂತು ಅದನ್ನು ನೋಡಿದ ಖುಷಿ ದೊಡ್ಡದು. 2025ರಲ್ಲಿ ವಿಜ್ಞಾನಿಗಳು ಪ್ರಕಟಿಸಿದ ಕ್ವಿಪು ಎಂಬ ರಚನೆ, ಸುಮಾರು 130 ಕೋಟಿ ಜ್ಯೋತಿರ್ವರ್ಷ ಉದ್ದದ್ದು, ಎಕ್ಸ್-ರೇ ಕ್ಲಸ್ಟರ್‌ಗಳನ್ನು ಹೀಗೇ ಜೋಡಿಸಿ ಕಂಡದ್ದು.

ಈಗ ಇರೋಸೀಟಾ ಎಂಬ ಹೊಸ ಎಕ್ಸ್-ರೇ ಬಾಹ್ಯಾಕಾಶ ದೂರದರ್ಶಕದ ಪಟ್ಟಿ ಇಟ್ಟುಕೊಂಡಿದ್ದೇವೆ. 2024ರಲ್ಲಿ ಬಂದ ಮೊದಲ ಸರ್ವೆಯಲ್ಲಿ 12,247 ಕ್ಲಸ್ಟರ್‌ಗಳಿವೆ, ಆದರೆ ಆಕಾಶದ ಅರ್ಧ ಭಾಗದ್ದು ಮಾತ್ರ. ಆ ಅರ್ಧದ ಅಂಚಿಗೆ ತಾಗುವ ಗುಂಪುಗಳಿಗೆ ಬೇರೆ ಗುರುತು ಹಾಕಿ ಇಡಿ, ಅವುಗಳ ಉದ್ದವನ್ನು ಲೆಕ್ಕಕ್ಕೆ ಸೇರಿಸಬೇಡಿ.