ಹೊನೊಲುಲು ಮ್ಯಾರಥಾನ್: ಸೆಕೆ ನೋಡಿಕೊಂಡು ಓಡಿದ್ದು

ಹವಾಯಿಯ ಒವಾಹು ದ್ವೀಪದಲ್ಲಿ ಡಿಸೆಂಬರ್‌ನ ಎರಡನೇ ಭಾನುವಾರ ಹೊನೊಲುಲು ಮ್ಯಾರಥಾನ್ ನಡೆಯುತ್ತದೆ. 1973ರಲ್ಲಿ ಶುರುವಾದ ಓಟ. ಇಷ್ಟು ಗಂಟೆಯೊಳಗೆ ಮುಗಿಸಲೇಬೇಕು ಅನ್ನುವ ಕಟ್ಟಳೆ ಇಲ್ಲಿಲ್ಲ. 42.195 ಕಿ.ಮೀ. ಪೂರ್ತಿ ನಡೆದು ಮುಗಿಸುವವರೂ ಇದ್ದಾರೆ. ಹಾಗಾಗಿ ಮೊದಲೇ ತೀರ್ಮಾನ ಮಾಡಿದ್ದೆ: ಟೈಮಿಗಾಗಿ ಓಡುವುದಿಲ್ಲ, ಸೆಕೆ ಎಷ್ಟು ಬಿಡುತ್ತದೋ ಅಷ್ಟೇ ಓಟ.

ನಾನು ಕುಂದಾಪುರದವನು, ಸೆಕೆ ಹೊಸದಲ್ಲ. ಆದರೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಗೆ ಬಂದು ವರ್ಷಗಳಾದ ಮೇಲೆ ಮೈಗೆ ಆ ಅಭ್ಯಾಸ ತಪ್ಪಿಹೋಗಿರುತ್ತದೆ, ಅಲ್ವಾ? ನವೆಂಬರ್‌ನಲ್ಲಿ ಇಲ್ಲಿ ಚಳಿ ಬೇರೆ. ಅದಕ್ಕೆ ಕೊನೆಯ ಎರಡು ವಾರ ಮಧ್ಯಾಹ್ನದ ಹೊತ್ತಿಗೆ, ಟೀ ಶರ್ಟಿನ ಮೇಲೆ ಜಾಕೆಟ್ ಹಾಕಿಕೊಂಡು, ನಿಧಾನವಾಗಿ ಓಡಿದೆ. ಮೈ ಸೆಕೆಗೆ ಒಗ್ಗಲು 10ರಿಂದ 14 ದಿನ ಬೇಕು. ಒಗ್ಗಿದ ಮೇಲೆ ಬೆವರು ಬೇಗ ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆ ಹೋಗುತ್ತದೆ.

ಚಳಿಗಾಲದಲ್ಲಿ ಹವಾಯಿ ಗಡಿಯಾರ ಕ್ಯಾಲಿಫೋರ್ನಿಯಾಗಿಂತ 2 ಗಂಟೆ ಹಿಂದೆ. ಓಟ ಬೆಳಗ್ಗೆ 5ಕ್ಕೆ, ಅಂದರೆ ನನ್ನ ಮೈಗೆ 7. ಹಾಗಾಗಿ ಅಲ್ಲಿಯೂ ನಮ್ಮ ಟೈಮಿಗೇ ಊಟ, ನಿದ್ದೆ. ಹೊನೊಲುಲುವಿನ ಬೀಚ್ ಬಡಾವಣೆ ವೈಕೀಕಿಯ ಅಂಗಡಿಗಳಲ್ಲಿ ಬಿಳಿ ಅನ್ನ ಸಿಗುತ್ತದೆ. ಜಪಾನಿ ಅಕ್ಕಿ, ಸ್ವಲ್ಪ ಅಂಟು. ಮೊಸರು, ಉಪ್ಪು ಹಾಕಿ ಕಿವುಚಿದರೆ ಮೊಸರನ್ನಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಹಿಂದಿನ ರಾತ್ರಿ ಅದೇ ಊಟ.

ಅಲಾ ಮೊವಾನಾ ರಸ್ತೆಯಲ್ಲಿ ಕತ್ತಲೆಯಲ್ಲೇ ಪಟಾಕಿ ಹಾರಿಸಿ ಓಟ ಬಿಡುತ್ತಾರೆ. ಮೊದಲು ಪೇಟೆ, ಕ್ರಿಸ್‌ಮಸ್ ದೀಪಗಳು, ಆಮೇಲೆ ವೈಕೀಕಿ. ಜನ ಮುನ್ನುಗ್ಗುತ್ತಿರುತ್ತಾರೆ. ನಾನು ವಾಚಿನಲ್ಲಿ ವೇಗ ನೋಡಲಿಲ್ಲ, ನಾಡಿಬಡಿತ ಮಾತ್ರ ನೋಡಿದೆ. 150 ದಾಟಿದರೆ ನಡಿಗೆ. ಬೆವರು ಸುರಿದರೆ ಮೈ ತಣ್ಣಗಾಗುವುದಿಲ್ಲ, ಆರಿದರೆ ಆಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಅದು ಆರುವುದೇ ಇಲ್ಲ. ಅಂಥ ಕಡೆ ಅದೇ ವೇಗಕ್ಕೆ ಗುಂಡಿಗೆ ಜಾಸ್ತಿ ದುಡಿಯಬೇಕಾಗುತ್ತದೆ.

ಡೈಮಂಡ್ ಹೆಡ್ ಹಳೆಯ ಜ್ವಾಲಾಮುಖಿಯ ಬಾಯಿ. ಅದರ ಬುಡದ ಏರು ಹತ್ತುವಾಗ ಬೆಳಕು ಹರಿಯಿತು. ಬಲಗಡೆ ಕೆಳಗೆ ಸಮುದ್ರ, ಬೂದು ಬಣ್ಣ ಹೋಗಿ ನೀಲಿ ಬರುತ್ತಿತ್ತು. ತುಂಬಾ ಜನ ಅಲ್ಲಿ ನಿಂತು ಫೋಟೋ ತೆಗೆಯುತ್ತಾರೆ. ನಾನೂ ನಿಂತೆ. ಇಲ್ಲಿ ನಿಲ್ಲದೆ ಹೋದರೆ ಈ ದ್ವೀಪಕ್ಕೆ ಬಂದಿದ್ದಾದರೂ ಯಾಕೆ?

ನಿಜವಾದ ಓಟ ಇರುವುದು ಕಲನಿಯಾನಾಓಲೆ ಹೆದ್ದಾರಿಯಲ್ಲಿ. ಹವಾಯಿ ಕಾಯ್ ಅನ್ನುವ ಬಡಾವಣೆ ತನಕ ಹೋಗಿ, ಅದೇ ರಸ್ತೆಯಲ್ಲಿ ವಾಪಸ್. ಹೋಗುವಾಗ ಪೂರ್ವಕ್ಕೆ ಮುಖ, ಬಿಸಿಲು ಕಣ್ಣಿಗೇ ಹೊಡೆಯುತ್ತದೆ. ಟೋಪಿ ಇರಲೇಬೇಕು. ಆದರೆ ಪೂರ್ವದ ಕಡೆಯಿಂದ ಬೀಸುವ ವಾಣಿಜ್ಯ ಮಾರುತ (ಟ್ರೇಡ್ ವಿಂಡ್) ಎದೆಗೆ ಬಡಿಯುವುದರಿಂದ ಬೆವರು ಆರುತ್ತದೆ, ಓಡಬಹುದು. ತಿರುಗಿದ ಕೂಡಲೇ ಎಲ್ಲ ಬದಲು. ಗಾಳಿ ಬೆನ್ನಿಗೆ ಬಂತು. ಬೆನ್ನಿಗೆ ಗಾಳಿ ಇದ್ದರೆ ಸುಲಭ ಅಂತ ಅನ್ನಿಸುತ್ತದೆ, ಆದರೆ ನಮ್ಮ ಜೊತೆಗೇ ಬರುವ ಗಾಳಿ ಮೈಗೆ ತಾಗುವುದೇ ಇಲ್ಲ. ಹೊತ್ತೂ ಏರಿರುತ್ತದೆ. ಈ ಲೆಕ್ಕ ಹಾಕಿಯೇ ಕಾಲಿನ ಶಕ್ತಿಯನ್ನು ವಾಪಸ್ ದಾರಿಗೆ ಉಳಿಸಿಕೊಂಡಿದ್ದೆ. ನೀರು ಕೊಡುವ ಪ್ರತಿ ಕಡೆಯೂ ನಡೆದೆ. ತಣ್ಣೀರಲ್ಲಿ ಅದ್ದಿದ ಸ್ಪಂಜ್ ಕೊಡುತ್ತಾರೆ. ಒಂದನ್ನು ಟೋಪಿಯೊಳಗೆ, ಇನ್ನೊಂದನ್ನು ಕುತ್ತಿಗೆಯ ಹಿಂದೆ ಇಟ್ಟುಕೊಂಡೆ. ನೀರು ಬೆನ್ನಿನ ಮೇಲೆ ಇಳಿಯುತ್ತಿದ್ದಂತೆ ನಾಡಿಬಡಿತ ಇಳಿದದ್ದು ವಾಚಿನಲ್ಲೇ ಕಂಡಿತು.

ಕುಡಿಯುವುದು ಮಾತ್ರ ಬಾಯಾರಿದಾಗಲೇ. ಸೆಕೆ ಅಂತ ಸುಮ್ನೆ ಲೀಟರ್‌ಗಟ್ಟಲೆ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದುಹೋಗುತ್ತದೆ. ಇದು ಜೀವಕ್ಕೇ ಅಪಾಯ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಕೊನೆಗೆ ಮತ್ತೆ ಡೈಮಂಡ್ ಹೆಡ್ ಏರು. ಅಲ್ಲಿ ಸುತ್ತಮುತ್ತ ಬಹುತೇಕ ಎಲ್ಲರೂ ನಡೆಯುತ್ತಿದ್ದರು. ಜಪಾನಿನಿಂದ ಬಂದ ಅಜ್ಜಿಯೊಬ್ಬರು ಪುಟ್ಟ ಪುಟ್ಟ ಹೆಜ್ಜೆ ಹಾಕುತ್ತಾ ಓಡುತ್ತಲೇ ಇದ್ದರು. ಅವರ ಹಿಂದೆಯೇ ಹೋದೆ. ಏರು ಮುಗಿದರೆ ಕಪಿಯೋಲಾನಿ ಪಾರ್ಕ್ ತನಕ ಇಳಿಜಾರು. ಓಟ ಶುರುವಾಗಿ ಆರು ತಾಸು ತುಂಬುವ ಸ್ವಲ್ಪ ಮೊದಲೇ ಮುಗಿಸಿದೆ. ಅಲ್ಲಿ ಮಲಸಾದ ಕೊಡುತ್ತಾರೆ. ಪೋರ್ಚುಗೀಸರು ತಂದ, ಎಣ್ಣೆಯಲ್ಲಿ ಕರಿದು ಸಕ್ಕರೆಯಲ್ಲಿ ಹೊರಳಿಸಿದ ತಿಂಡಿ. ಎರಡು ತಿಂದು, ಶೂ ಕಳಚಿ, ರಸ್ತೆ ದಾಟಿ ಸಮುದ್ರಕ್ಕಿಳಿದೆ.