ಕೆರೆ–ದಡ ಆಟವನ್ನು ತಿರುಗುಮುರುಗಾಗಿ ಆಡಿಸಿ ನೋಡಿ

ಐದು ವರ್ಷ ದಾಟಿದ ಮಕ್ಕಳಿಗೆ ಕೆರೆ–ದಡ ಆಟವನ್ನು ಮೊದಲು ಎಂದಿನಂತೆ, ಅಂದರೆ ‘ಕೆರೆ’ ಎಂದಾಗ ನೆಲದ ಮೇಲೆ ಎಳೆದ ಗೆರೆಯ ಒಳಗೆ, ‘ದಡ’ ಎಂದಾಗ ಹೊರಗೆ ಹಾರುವಂತೆ ಆಡಿಸಿ, ಅದು ಅವರ ಕಾಲಿಗೆ ರೂಢಿಯಾಯಿತು ಎನ್ನಿಸಿದ ಕೂಡಲೇ ನಿಯಮವನ್ನು ತಲೆಕೆಳಗು ಮಾಡಿ: ಇನ್ನು ಮುಂದೆ ‘ಕೆರೆ’ ಎಂದರೆ ಗೆರೆಯ ಹೊರಗೆ, ‘ದಡ’ ಎಂದರೆ ಗೆರೆಯ ಒಳಗೆ. ಕಿವಿಗೆ ಬಿದ್ದ ಮಾತಿಗೆ ಥಟ್ಟನೆ ಹಾರುವ ಅಭ್ಯಾಸವನ್ನು ತಡೆಹಿಡಿಯುವುದು, ಹೊಸ ನಿಯಮವನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು, ಹಳೆಯದನ್ನು ಬಿಟ್ಟು ಹೊಸದಕ್ಕೆ ಹೊರಳುವುದು, ಆತ್ಮಸಂಯಮಕ್ಕೆ ಬೇಕಾದ ಈ ಮೂರೂ ಸಾಮರ್ಥ್ಯಗಳು ಇಲ್ಲಿ ಒಂದೇ ನೆಗೆತದಲ್ಲಿ ಬಳಕೆಗೆ ಬರುತ್ತವೆ. ಗದರಿಸಿ ಸುಮ್ಮನೆ ಕೂರಿಸುವುದರಿಂದ ಇಷ್ಟು ಅಭ್ಯಾಸ ಸಿಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ತಪ್ಪಿದವರನ್ನು ಔಟ್ ಮಾಡುವ ಪದ್ಧತಿಯನ್ನು ಮಾತ್ರ ಕೈಬಿಡಬೇಕು, ಏಕೆಂದರೆ ಈ ಅಭ್ಯಾಸ ಯಾರಿಗೆ ಹೆಚ್ಚು ಅಗತ್ಯವೋ ಆ ಮಗುವೇ ಮೊದಲು ಹೊರಬಿದ್ದು ಉಳಿದವರ ಆಟ ನೋಡುತ್ತ ನಿಲ್ಲಬೇಕಾಗುತ್ತದೆ. ಎಲ್ಲರೂ ಸರಾಗವಾಗಿ ಆಡತೊಡಗಿದರೆ ಆಟದ ಉಪಯೋಗ ಮುಗಿಯಿತೆಂದೇ ತಿಳಿದು, ಚಪ್ಪಾಳೆ ತಟ್ಟಿದಾಗಲೆಲ್ಲ ನಿಯಮ ಮತ್ತೆ ಮಗುಚಿಕೊಳ್ಳುವಂತೆ ಮಾಡಿ ಕಷ್ಟವನ್ನು ಏರಿಸಿ. ಕೂಗುವ ಸರದಿಯನ್ನು ಮಕ್ಕಳಿಗೇ ಕೊಟ್ಟರೆ ಇನ್ನೂ ಒಳ್ಳೆಯದು. ಮೂರು ವರ್ಷದ ಮಕ್ಕಳಿಗೆ ಇದು ಬಹುತೇಕ ಸಾಧ್ಯವಾಗುವುದಿಲ್ಲ, ಅವರು ನಿಯಮವನ್ನು ಬಾಯಲ್ಲಿ ಸರಿಯಾಗಿ ಹೇಳಿಯೂ ಹಳೆಯಂತೆಯೇ ಹಾರುತ್ತಾರೆ, ಅದು ಹಟವಲ್ಲ. ಹಸಿವು, ನಿದ್ದೆ, ಅಳು ಇರುವ ಹೊತ್ತಿನಲ್ಲಿ ದೊಡ್ಡ ಮಕ್ಕಳಲ್ಲೂ ಇದು ಫಲಿಸದು. ಆಟದಲ್ಲಿ ಬಂದ ಹಿಡಿತ ಹೋಂವರ್ಕಿಗೋ ಮೊಬೈಲ್ ಕೆಳಗಿಡುವುದಕ್ಕೋ ತಾನಾಗಿ ದಾಟುತ್ತದೆಂದು ನಿರೀಕ್ಷಿಸಬೇಡಿ. ಅವುಗಳ ರೂಢಿಯನ್ನು ಬೇರೆಯಾಗಿಯೇ ಮಾಡಿಸಬೇಕು.